ರೇರಾ ನೋಂದಣಿ ಯಾರಿಗೆ ಬೇಕು, ಯಾರಿಗೆ ಬೇಡ? ಬ್ರೋಕರ್‌ಗಳೂ ಮನೆ ಮಾರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನನ್ನದೊಂದು ಸಣ್ಣ ಆಫೀಸು. ತೆರಿಗೆ ಲೆಕ್ಕ, ನೋಂದಣಿ ಅರ್ಜಿ, ಅದೂ ಇದೂ ಬರೆದುಕೊಡುವ ಕೆಲಸ. ಬರುವವರಲ್ಲಿ ಅರ್ಧಕ್ಕರ್ಧ ಜನ ಸೈಟು, ಮನೆ ವ್ಯವಹಾರದವರು. ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಕೇಳುವ ಮಾತು ಒಂದೇ: "ಸಾರ್, ನನಗೂ ರೇರಾ ಬೇಕಾ?" (ರೇರಾ ಅನ್ನುವುದು ಸೈಟು, ಮನೆ ಮಾರಾಟಕ್ಕೆ ಕಡಿವಾಣ ಹಾಕುವ ಕಾಯ್ದೆಯ ಚುಟುಕು ಹೆಸರು, ಅದರಡಿ ಮಾಡಿಸುವ ನೋಂದಣಿಗೂ ಜನ ಹಾಗೇ ಅನ್ನುತ್ತಾರೆ.) ನಾನು ತಿರುಗಿ ಕೇಳುತ್ತೇನೆ: "ನೀವು ಮಾರಿಸೋದು ಏನನ್ನ?" ಯಾಕೆಂದರೆ ಒಬ್ಬನೇ ಬ್ರೋಕರ್‌ಗೆ ಬೆಳಿಗ್ಗೆ ಮಾಡಿದ ವ್ಯವಹಾರಕ್ಕೆ ನೋಂದಣಿ ಬೇಡದೆ, ಮಧ್ಯಾಹ್ನ ಮಾಡಿದ್ದಕ್ಕೆ ಬೇಕಾಗಬಹುದು. ಹೇಗೆ ಅನ್ನುವುದು ಕೆಳಗಿದೆ.

ಬ್ರೋಕರ್ ಕೆಲಸಕ್ಕೆ ಲೈಸೆನ್ಸ್ ಅಂತ ಒಂದಿದೆಯಾ?

ಇದೆ. ಕಾನೂನಿನಲ್ಲಿ ಅದನ್ನು ಲೈಸೆನ್ಸ್ ಅನ್ನುವುದಿಲ್ಲ, ನೋಂದಣಿ ಅನ್ನುತ್ತಾರೆ. ಕೇಂದ್ರದ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ 2016ರದ್ದು. ಬ್ರೋಕರ್‌ಗಳಿಗೆ, ಬಿಲ್ಡರ್‌ಗಳಿಗೆ ಸಂಬಂಧಿಸಿದ ಮುಖ್ಯ ಕಲಮುಗಳು ಜಾರಿಗೆ ಬಂದದ್ದು 2017ರ ಮೇ 1ರಿಂದ. ಅದೇ ವರ್ಷ ಕರ್ನಾಟಕ ತನ್ನ ನಿಯಮಗಳನ್ನು ಮಾಡಿತು. ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ಬೆಂಗಳೂರಿನ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಜನರ ಬಾಯಲ್ಲಿ ಅದು ಕೆ-ರೇರಾ.

ಅದಕ್ಕೂ ಮೊದಲು? ಹರಿಯಾಣದಲ್ಲಿ 2008ರಲ್ಲೇ ಪ್ರಾಪರ್ಟಿ ಡೀಲರ್‌ಗಳಿಗೆ ಅಂತ ಒಂದು ಕಾಯ್ದೆ ಬಂದಿತ್ತು. ನಮ್ಮ ಕಡೆ ಒಂದು ವಿಸಿಟಿಂಗ್ ಕಾರ್ಡು, ಒಂದು ಸ್ಕೂಟರು, ಟೀ ಅಂಗಡಿಯವನ ಪರಿಚಯ ಇದ್ದರೆ ಸಾಕಿತ್ತು.

ನೋಂದಣಿಯಲ್ಲಿ ಎಷ್ಟು ಬಗೆ?

ಏಜೆಂಟರಿಗೆ ಎರಡೇ. ಒಬ್ಬ ವ್ಯಕ್ತಿಯಾಗಿ ಮಾಡಿಸುವುದು ಒಂದು. ಸಂಸ್ಥೆಯಾಗಿ, ಅಂದರೆ ಪಾಲುದಾರಿಕೆ, ಕಂಪನಿ, ಎಲ್‌ಎಲ್‌ಪಿ ಹೆಸರಲ್ಲಿ ಮಾಡಿಸುವುದು ಇನ್ನೊಂದು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಶುಲ್ಕ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ಎರಡಕ್ಕೂ ಅವಧಿ 5 ವರ್ಷ. ಕಟ್ಟುವ ಮುಂಚೆ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಶುಲ್ಕವನ್ನು ಒಮ್ಮೆ ನೋಡಿಕೊಳ್ಳಿ. ನನ್ನಂಥವರ ಮಾತು ಕೇಳಿ ಕಟ್ಟಬೇಡಿ.

ಬಿಲ್ಡರ್‌ದು, ಲೇಔಟ್ ಮಾಡುವವರದು ಬೇರೆ ಕಥೆ. ಅಲ್ಲಿ ನೋಂದಣಿಯಾಗುವುದು ಯೋಜನೆ, ಮನುಷ್ಯನಲ್ಲ. ಒಬ್ಬನೇ ಬಿಲ್ಡರ್ ನಾಲ್ಕು ಅಪಾರ್ಟ್‌ಮೆಂಟ್ ಕಟ್ಟಿದರೆ ನಾಲ್ಕು ನೋಂದಣಿ. "ನಮ್ಮದು ರೇರಾ ಅಪ್ರೂವ್ಡ್ ಕಂಪನಿ" ಅಂತ ಬೋರ್ಡು ಕಂಡರೆ ಯಾವ ಯೋಜನೆಗೆ ಅಂತ ಕೇಳಿ.

ನಾವು ಮೂವರು ಗೆಳೆಯರು ಸೇರಿ ಮಾಡ್ತೀವಿ. ಒಬ್ಬನ ಹೆಸರಲ್ಲಿ ಮಾಡಿಸಿದರೆ ಸಾಲದಾ?

2 ಲಕ್ಷ ಉಳಿಸುವ ಆಸೆಯಿಂದ ಎಲ್ಲರೂ ಕೇಳುವ ಪ್ರಶ್ನೆ ಇದು. ನೋಂದಣಿ ಯಾರ ಹೆಸರಲ್ಲಿದೆಯೋ ಕೆಲಸವೂ ಅವರ ಹೆಸರಲ್ಲೇ ಇರಬೇಕು. ಕಮಿಷನ್ ಚೀಟಿ ಸಂಸ್ಥೆಯ ಹೆಸರಲ್ಲಿ, ರೇರಾ ಒಬ್ಬನ ಹೆಸರಲ್ಲಿ ಅಂದರೆ ಸಿಕ್ಕಿಬೀಳುತ್ತೀರಿ. ಮೂವರೂ ಬೇರೆ ಬೇರೆ ವ್ಯಕ್ತಿಗಳಾಗಿ ಮಾಡಿಸಿ, ತಮ್ಮ ತಮ್ಮ ಲೆಕ್ಕ ತಾವೇ ಇಟ್ಟುಕೊಂಡರೆ 75,000ದಲ್ಲಿ ಮುಗಿಯುತ್ತದೆ. ಆದರೆ ಆಗ ನಿಜವಾಗಿಯೂ ಬೇರೆ ಬೇರೆಯಾಗಿಯೇ ಇರಬೇಕು, ಸುಮ್ನೆ ಕಾಗದದ ಮೇಲಲ್ಲ.

ಹಾಗಾದರೆ ಯಾರಿಗೆ ನೋಂದಣಿ ಬೇಡ?

ಕಾಯ್ದೆಯ 9ನೇ ಕಲಮಿನಲ್ಲಿ ಎರಡು ಮಾತುಗಳಿವೆ, ಎಲ್ಲ ತಿರುಗುವುದು ಅವುಗಳ ಮೇಲೆ. ಒಂದು, ಸೈಟೋ ಫ್ಲ್ಯಾಟೋ ರೇರಾದಲ್ಲಿ ನೋಂದಣಿಯಾದ ಯೋಜನೆಯದಾಗಿರಬೇಕು. ಎರಡು, ಅದನ್ನು ಮಾರುತ್ತಿರುವುದು ಪ್ರವರ್ತಕ, ಅಂದರೆ ಬಿಲ್ಡರ್ ಅಥವಾ ಲೇಔಟ್ ಮಾಡಿದವನು, ಆಗಿರಬೇಕು. ಇಂಥ ಮಾರಾಟದಲ್ಲಿ ಕಮಿಷನ್‌ಗಾಗಿ ಮಧ್ಯೆ ನಿಂತವನಿಗೆ ನೋಂದಣಿ ಕಡ್ಡಾಯ. ಇದರ ಆಚೆಗಿನ ವ್ಯವಹಾರಗಳಿಗೆ ಆ ಕಡ್ಡಾಯ ತಾಕುವುದಿಲ್ಲ.

ಬಾಡಿಗೆ ಮನೆ ತೋರಿಸುವವರು ಹೊರಗಿದ್ದಾರೆ. ಕಾಯ್ದೆ ಹೇಳುವುದು ಮಾರಾಟದ ಬಗ್ಗೆ. ಬೆಂಗಳೂರಿನಲ್ಲಿ ಲೀಸ್ ಅಂತಾರಲ್ಲ, ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಅದನ್ನು ಕುದುರಿಸುವವರೂ ಹೊರಗೇ. (ಲೀಸ್ ವ್ಯವಹಾರದಲ್ಲಿ ದುಡ್ಡು ಕಳೆದುಕೊಂಡವರ ಗೋಳು ಕೇಳಿದರೆ ಅಲ್ಲೂ ಒಂದು ನೋಂದಣಿ ಇರಬೇಕಿತ್ತು ಅನಿಸುತ್ತದೆ.)

ತನ್ನ ಸ್ವಂತ ಮನೆ, ಸೈಟು ಮಾರುವವನಿಗೆ ಬೇಡ. ಅವನು ಯಾರ ಪರವಾಗಿಯೂ ನಿಂತಿಲ್ಲ. ಕುವೆಂಪುನಗರದಲ್ಲಿ ಮೂವತ್ತು ವರ್ಷದ ಹಳೇ ಮನೆಯನ್ನು ಮಾಲೀಕರಿಂದ ಕೊಳ್ಳುವವರಿಗೆ ಕೊಡಿಸುವ ಬ್ರೋಕರ್‌ಗೂ 9ನೇ ಕಲಮು ತಾಕುವುದಿಲ್ಲ, ಮಾರುತ್ತಿರುವವರು ಪ್ರವರ್ತಕರಲ್ಲ. ಪಹಣಿ ಇರುವ ಹೊಲವನ್ನು ಹೊಲವಾಗಿಯೇ ಒಬ್ಬ ರೈತನಿಂದ ಇನ್ನೊಬ್ಬರಿಗೆ ಮಾರಿಸಿದರೂ ಅಷ್ಟೇ. ಆದರೆ ಅದೇ ಹೊಲಕ್ಕೆ ಕಲ್ಲು ನೆಟ್ಟು, ಜಲ್ಲಿ ರಸ್ತೆ ಹಾಕಿ, "ಫಾರ್ಮ್ ಪ್ಲಾಟ್" ಅಂತ ಹತ್ತು ಹತ್ತು ಗುಂಟೆ ಮಾರಲು ಹೊರಟರೆ "ನಮ್ಮದು ಕೃಷಿ ಜಮೀನು ಸಾರ್" ಅನ್ನುವ ಮಾತು ನಿಲ್ಲುತ್ತದೆ ಅಂತ ನಾನು ಧೈರ್ಯ ಕೊಡಲಾರೆ. ಅಂಥದ್ದಕ್ಕೆ ಕೈ ಹಾಕುವ ಮೊದಲು ಪ್ರಾಧಿಕಾರಕ್ಕೇ ಬರೆದು ಕೇಳಿ.

ಮತ್ತೆ ಬೆಳಿಗ್ಗೆ, ಮಧ್ಯಾಹ್ನದ ಮಾತಿಗೆ ಬರೋಣ. ಹತ್ತು ಗಂಟೆಗೆ ಸರಸ್ವತಿಪುರಂನಲ್ಲಿ ಬಾಡಿಗೆ ಮನೆ ತೋರಿಸಿದಿರಿ. ನೋಂದಣಿ ಬೇಡ. ಮೂರು ಗಂಟೆಗೆ ರಿಂಗ್ ರೋಡ್ ಆಚೆ ಹೊಸ ಲೇಔಟಿನಲ್ಲಿ ಡೆವಲಪರ್‌ನ ಪರವಾಗಿ ಸೈಟು ತೋರಿಸಿದಿರಿ. ಬೇಕು. ನಮ್ಮ ಊರುಗಳಲ್ಲಿ ಬಾಡಿಗೆ ಮಾತ್ರ ಮಾಡುವ ಬ್ರೋಕರ್ ಎಷ್ಟು ಜನ ಇದ್ದಾರೆ ಹೇಳಿ? "ನಂದು ಬರೀ ಬಾಡಿಗೆ ಸಾರ್" ಅಂದವರ ಫೋನಿನಲ್ಲೇ ಮೂರು ಲೇಔಟಿನ ನಕ್ಷೆ ಇರುತ್ತದೆ.

ಅಂಗಡಿ, ಆಫೀಸು, ಗೋದಾಮು ಮಾರಿಸಿದರೆ?

ಅವೂ ಒಳಗೇ. ಕಾಯ್ದೆಯಲ್ಲಿ ಅಪಾರ್ಟ್‌ಮೆಂಟ್ ಅನ್ನುವ ಪದದಲ್ಲಿ ಮನೆಯ ಜೊತೆ ಅಂಗಡಿ, ಆಫೀಸು, ಶೋರೂಮು, ಗೋದಾಮು ಎಲ್ಲ ಸೇರಿವೆ.

ಚಿಕ್ಕ ಕಟ್ಟಡಕ್ಕೆ ರೇರಾ ಬೇಡ ಅಂತಾರೆ. ಎಷ್ಟು ಚಿಕ್ಕದು?

ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತಗಳೂ ಸೇರಿ ಫ್ಲ್ಯಾಟ್‌ಗಳು 8 ಮೀರದಿದ್ದರೆ, ಯೋಜನೆಗೆ ನೋಂದಣಿ ಬೇಡ ಅನ್ನುತ್ತದೆ 3ನೇ ಕಲಮು. "ಅಥವಾ" ಅನ್ನುವ ಪದ ಗಮನಿಸಿ.

ಚದರ ಮೀಟರ್ ಅಂದರೆ ನಮ್ಮ ತಲೆಗೆ ಹೋಗುವುದಿಲ್ಲ ಅಲ್ವಾ, ಅಡಿಯಲ್ಲಿ ಹೇಳುತ್ತೇನೆ. 500 ಚದರ ಮೀಟರ್ ಅಂದರೆ ಸುಮಾರು 5,380 ಚದರ ಅಡಿ. ಒಂದು 30-40 ಸೈಟು 1,200 ಅಡಿ. ಅಂಥ ನಾಲ್ಕು ಸೈಟು ಸೇರಿಸಿದರೂ 4,800, ಮಿತಿಯೊಳಗೇ. ಐದನೆಯದು ಸೇರಿದರೆ 6,000, ದಾಟಿತು. 40-60 ಆದರೆ ಎರಡು ಸೈಟಿನವರೆಗೆ ಸರಿ. ಬೀದಿ ಬೀದಿಯಲ್ಲಿ ಏಳುವ ನಾಲ್ಕಂತಸ್ತಿನ ಸಣ್ಣ ಅಪಾರ್ಟ್‌ಮೆಂಟ್‌ಗಳ ಬೋರ್ಡಿನಲ್ಲಿ ರೇರಾ ನಂಬರ್ ಕಾಣದಿರುವುದಕ್ಕೆ ಕಾರಣ ಇದೇ. ಅವನ್ನು ಮಾರಿಸುವ ಬ್ರೋಕರ್‌ಗೂ, ಅವನು ಬೇರೇನೂ ಮಾಡದಿದ್ದರೆ, 9ನೇ ಕಲಮಿನ ಕಡ್ಡಾಯ ಇಲ್ಲ.

ಇನ್ನೆರಡು ವಿನಾಯಿತಿಗಳಿವೆ. ಕಾಯ್ದೆ ಜಾರಿಯಾಗುವ ಮೊದಲೇ ಕೆಲಸ ಪೂರ್ಣಗೊಂಡಿದೆ ಅನ್ನುವ ಪ್ರಮಾಣಪತ್ರ ಪಡೆದ ಯೋಜನೆಗಳು. ಮತ್ತೆ ಹೊಸದಾಗಿ ಮಾರಾಟ, ಹಂಚಿಕೆ, ಜಾಹೀರಾತು ಏನೂ ಇಲ್ಲದ ರಿಪೇರಿ, ನವೀಕರಣ ಕೆಲಸಗಳು.

ಒಂದೇ ಜಾಗವನ್ನು ಹೆಂಡತಿ ಹೆಸರಲ್ಲಿ ಒಂದು ತುಂಡು, ಬಾಮೈದನ ಹೆಸರಲ್ಲಿ ಒಂದು ತುಂಡು ಮಾಡಿ "ಎಲ್ಲ 500ರ ಒಳಗೆ" ಅನ್ನುವ ಉಪಾಯ ಹೇಳಿಕೊಡುವವರಿದ್ದಾರೆ. "ಎಲ್ಲ ಹಂತಗಳೂ ಸೇರಿ" ಅಂತ ಕಾನೂನಿನಲ್ಲಿ ಸುಮ್ನೆ ಬರೆದಿಲ್ಲ.

ಲೇಔಟ್‌ಗೇ ರೇರಾ ಇಲ್ಲ. ಹಾಗಾದರೆ ನನಗೂ ಬೇಡ ತಾನೇ?

ಜಾಣ ಪ್ರಶ್ನೆ. ಆದರೆ ಬಾಗಿಲು ಮುಚ್ಚಿದೆ. ನೋಂದಣಿ ಆಗಬೇಕಿದ್ದೂ ಆಗದ ಯೋಜನೆಯ ಸೈಟು, ಫ್ಲ್ಯಾಟನ್ನು ಏಜೆಂಟ್ ಮಾರಿಸಲೇಬಾರದು ಅಂತ 10ನೇ ಕಲಮು ಹೇಳುತ್ತದೆ. ಮೇಲೆ ಹೇಳಿದ ವಿನಾಯಿತಿಯಿಂದ ನೋಂದಣಿ ಇಲ್ಲದಿರುವುದು ಒಂದು. ಮಾಡಿಸಬೇಕಿದ್ದೂ ಮಾಡಿಸದಿರುವುದು ಇನ್ನೊಂದು. ಎರಡನೆಯದರಲ್ಲಿ ಬಿಲ್ಡರ್ ಜೊತೆ ನೀವೂ ಸಿಕ್ಕಿಕೊಳ್ಳುತ್ತೀರಿ.

ನಾನು ಬ್ರೋಕರ್ ಅಲ್ಲ. ಗೊತ್ತಿರೋರ ಫೋನ್ ನಂಬರ್ ಕೊಟ್ಟೆ, ಅವರು ಖುಷಿಗೆ ಒಂದು ಕವರ್ ಕೊಟ್ಟರು.

ಕವರಿನಲ್ಲಿ ಎಷ್ಟಿತ್ತು ಅಂತ ಕೇಳುವುದಿಲ್ಲ! ಆದರೆ ಕಾಯ್ದೆಯ ಅರ್ಥವಿವರಣೆ ಬಹಳ ಅಗಲ. ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಿಚಯ ಮಾಡಿಸುವವರು, ದಲ್ಲಾಳಿ, ಮಧ್ಯವರ್ತಿ, ಡೀಲರ್, ಯಾವ ಹೆಸರಿಂದ ಕರೆದರೂ ಏಜೆಂಟೇ. ಕಮಿಷನ್ ಅಂದರೂ ಶುಲ್ಕ ಅಂದರೂ ಬೇರೆ ಯಾವ ಹೆಸರಿಟ್ಟರೂ ಪ್ರತಿಫಲ ಪ್ರತಿಫಲವೇ. ವಾಟ್ಸ್ಯಾಪ್ ಗುಂಪಿನಲ್ಲಿ ಹೊಸ ಲೇಔಟಿನ ಬ್ರೋಷರ್ ಹಾಕಿ "ಆಸಕ್ತರು ನನ್ನನ್ನು ಸಂಪರ್ಕಿಸಿ" ಅಂತ ಬರೆಯುವ ನಿವೃತ್ತ ಮೇಷ್ಟ್ರು, ಎಲ್‌ಐಸಿ ಏಜೆಂಟರು, ಜಿಮ್ ಟ್ರೈನರ್‌ಗಳು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಆನ್‌ಲೈನ್ ಪೋರ್ಟಲ್‌ಗಳೂ ಮಾರಾಟಕ್ಕೆ ಕೈ ಹಾಕಿದರೆ ಇದೇ ಅರ್ಥದೊಳಗೆ ಬರುತ್ತವೆ.

ಒಂದು ರೂಪಾಯಿಯೂ ತೆಗೆದುಕೊಳ್ಳದೆ ಸ್ನೇಹಕ್ಕೆ ಹೇಳಿದ್ದರೆ ಚಿಂತೆ ಬೇಡ.

ಅಣ್ಣ ದುಬೈನಲ್ಲಿದ್ದಾನೆ. ಅವನ ಸೈಟನ್ನು ನಾನು ಜಿಪಿಎ (ಅವನ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಇಟ್ಟುಕೊಂಡು ಮಾರುತ್ತಿದ್ದೇನೆ. ನನಗೆ ಬೇಕಾ?

ಬೇಡ. ಅಣ್ಣ ಪ್ರವರ್ತಕನಲ್ಲ, ನೀವು ಕಮಿಷನ್ ತೆಗೆದುಕೊಳ್ಳುತ್ತಿಲ್ಲ. ಜಿಪಿಎ ಸರಿಯಾಗಿ ಆಗಿದೆಯಾ ಅಂತ ಮಾತ್ರ ವಕೀಲರಿಗೆ ತೋರಿಸಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಾಸ್ತಿ ಜನ ವಾಪಸ್ ಬರುವುದು ಅದಕ್ಕೇ.

ನಾನು ಬಿಲ್ಡರ್ ಆಫೀಸಿನಲ್ಲಿ ಸಂಬಳಕ್ಕಿದ್ದೇನೆ. ಸೇಲ್ಸ್ ನನ್ನ ಕೆಲಸ.

ಸಂಬಳದ ಸಿಬ್ಬಂದಿ ಮಾತಾಡುವುದು ಕಂಪನಿಯ ಬಾಯಾಗಿ. ಅವರು ಹೇಳಿದ್ದಕ್ಕೆ ಕಂಪನಿಯೇ ಹೊಣೆ. ಹೀಗಾಗಿ ಅವರನ್ನು ಏಜೆಂಟ್ ಅಂತ ನೋಡುವುದಿಲ್ಲ. ಆದರೆ ಈಗ ಚಾನೆಲ್ ಪಾರ್ಟ್‌ನರ್ ಅನ್ನುವ ಚಂದದ ಹೆಸರೊಂದು ಬಂದಿದೆ. ಸಂಬಳ ಇಲ್ಲ, ಮಾರಿದರೆ ಕಮಿಷನ್, ಕೊರಳಲ್ಲಿ ಮಾತ್ರ ಕಂಪನಿಯ ಐಡಿ ಕಾರ್ಡು. ಅವರು ಏಜೆಂಟರೇ, ನೋಂದಣಿ ಬೇಕು. ಗುರುತು ಹಿಡಿಯುವುದು ಸುಲಭ: ನಿಮ್ಮ ಖಾತೆಗೆ ಬರುವುದು ತಿಂಗಳ ಸಂಬಳವೋ, ಸೈಟಿನ ಲೆಕ್ಕದ ಕಮಿಷನ್ನೋ?

ವಕೀಲರು, ಪತ್ರ ಬರಹಗಾರರು, ವ್ಯಾಲ್ಯುಯರ್‌ಗಳು?

ಕಾಗದಪತ್ರ ನೋಡಿ ಅಭಿಪ್ರಾಯ ಕೊಡುವ ವಕೀಲರು, ಕ್ರಯಪತ್ರ ಬರೆಯುವವರು, ಕಟ್ಟಡದ ಬೆಲೆ ಕಟ್ಟುವವರು ಏಜೆಂಟರಲ್ಲ. ಪತ್ರ ಬರಹಗಾರರಿಗೆ ನೋಂದಣಿ ಇಲಾಖೆಯ ಪ್ರತ್ಯೇಕ ಲೈಸೆನ್ಸ್ ಇದೆ. ಕಂಪನಿ ಕಾಯ್ದೆಯಡಿ ಬೆಲೆ ಕಟ್ಟುವವರಿಗೆ ನೋಂದಾಯಿತ ವ್ಯಾಲ್ಯುಯರ್ ಅನ್ನುವ ವ್ಯವಸ್ಥೆ 2017ರಿಂದ ಇದೆ, ಅದರಲ್ಲಿ ಜಮೀನು ಮತ್ತು ಕಟ್ಟಡಕ್ಕೆ ಬೇರೆ ವಿಭಾಗ. ಇವರಲ್ಲಿ ಯಾರೇ ಆಗಲಿ "ಒಂದು ಒಳ್ಳೆ ಸೈಟಿದೆ, ಕೊಡಿಸ್ತೀನಿ" ಅಂತ ಬಿಲ್ಡರ್‌ನಿಂದ ಕಮಿಷನ್ ಪಡೆದರೆ ಆ ವ್ಯವಹಾರದ ಮಟ್ಟಿಗೆ ಏಜೆಂಟ್.

ಬಿಡಿಎ, ಗೃಹ ಮಂಡಳಿ, ಹೌಸಿಂಗ್ ಸೊಸೈಟಿ ಇವೆಲ್ಲ ಸರ್ಕಾರದ್ದಲ್ವಾ, ಅವಕ್ಕೂ ರೇರಾನಾ?

ಹೌದು. ಪ್ರವರ್ತಕ ಅನ್ನುವ ಪದದಲ್ಲಿ ಅಭಿವೃದ್ಧಿ ಪ್ರಾಧಿಕಾರಗಳೂ, ಸದಸ್ಯರಿಗೆ ಮನೆ ಕಟ್ಟಿಕೊಡುವ ಸಹಕಾರ ಸಂಘಗಳೂ ಸೇರಿವೆ. ಸರ್ಕಾರಿ ಹೆಸರು ನೋಡಿ ವಿನಾಯಿತಿ ಅಂದುಕೊಳ್ಳಬೇಡಿ.

ಅರ್ಜಿಗೆ ಏನೇನು ಬೇಕು?

ಎಲ್ಲ ಆನ್‌ಲೈನ್. ಪ್ಯಾನ್, ಫೋಟೋ, ಆಫೀಸಿನ ವಿಳಾಸದ ಪುರಾವೆ, ಹಿಂದಿನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್. ರಿಟರ್ನ್ಸ್ ಹಾಕುವಷ್ಟು ಆದಾಯ ಇಲ್ಲದಿದ್ದರೆ ಹಾಗಂತ ಘೋಷಣೆ. ಸಂಸ್ಥೆಯಾದರೆ ಪಾಲುದಾರಿಕೆ ಪತ್ರ ಅಥವಾ ಕಂಪನಿ ದಾಖಲೆ. ನಿಮ್ಮ ಮೇಲೆ ಕೇಸುಗಳಿದ್ದರೆ ಅದರ ವಿವರ. ಜನ ಮರೆಯುವುದು ಕೊನೆಯದನ್ನು: ನೀವು ಬಳಸುವ ಲೆಟರ್‌ಹೆಡ್, ರಬ್ಬರ್ ಸ್ಟಾಂಪು, ರಸೀದಿ ಇವುಗಳ ನಮೂನೆಯನ್ನೂ ಕೊಡಬೇಕು. ಅಶೋಕ ರಸ್ತೆಯಲ್ಲಿ ಸ್ಟಾಂಪು ಮಾಡಿಸಲು ಕೊಟ್ಟು ಬಂದಮೇಲೆ ಅರ್ಜಿಗೆ ಕೂರಿ.

30 ದಿನದೊಳಗೆ ಪ್ರಾಧಿಕಾರ ಒಪ್ಪಬೇಕು, ಇಲ್ಲವೇ ನಿಮ್ಮ ಮಾತು ಕೇಳಿ ತಿರಸ್ಕರಿಸಬೇಕು. ಏನೂ ಹೇಳದೆ ಅವಧಿ ಮುಗಿದರೆ ನೋಂದಣಿ ಆಯಿತು ಅಂತಲೇ ಕಾಯ್ದೆಯ ಮಾತು. ಆದರೂ ನಂಬರ್ ಕೈಗೆ ಬರುವ ತನಕ ಯಾವ ಬುಕಿಂಗಿಗೂ ಇಳಿಯಬೇಡಿ ಅಂತ ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಪರೀಕ್ಷೆ? ಕರ್ನಾಟಕದ 2017ರ ನಿಯಮಗಳಲ್ಲಿ ಪರೀಕ್ಷೆಯ ಮಾತಿಲ್ಲ.

ರೇರಾ ನಂಬರ್ ಅಸಲಿಯಾ ಅಂತ ನೋಡೋದು ಹೇಗೆ?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅಕ್ಕ ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದಳು. ಬ್ರೋಕರ್ ಕಳಿಸಿದ ಬ್ರೋಷರನ್ನು ನನಗೆ ವಾಟ್ಸ್ಯಾಪ್ ಮಾಡಿ "ನೋಡೋ, ರೇರಾ ಇದ್ಯಾ?" ಅಂದಳು. ನಾನು ಊಟಕ್ಕೆ ಕೂತಿದ್ದೆ. ಕೆಳಗೆ ಉದ್ದದ ನಂಬರ್ ಕಂಡಿತು, "ಇದೆ ಕಣೇ" ಅಂದೆ. ಅವಳು 50,000 ಟೋಕನ್ ಕೊಟ್ಟಳು. ವಾರದ ಮೇಲೆ ಅದನ್ನು ದೊಡ್ಡದು ಮಾಡಿ ನೋಡಿದರೆ ನಂಬರ್ ಶುರುವಾಗುತ್ತಿದ್ದದ್ದು "ಎಸಿಕೆ" ಅಂತ. ಅದು ಅರ್ಜಿ ಹಾಕಿದ ಸ್ವೀಕೃತಿ ನಂಬರ್, ನೋಂದಣಿ ಅಲ್ಲ. ನೋಂದಣಿ ಆಗದೆ ಜಾಹೀರಾತು ಹಾಕುವಂತೆಯೂ ಇಲ್ಲ, ಬುಕಿಂಗ್ ತೆಗೆದುಕೊಳ್ಳುವಂತೆಯೂ ಇಲ್ಲ. ದುಡ್ಡು ವಾಪಸ್ ಬರಲು ಏಳು ತಿಂಗಳಾಯಿತು. ಇವತ್ತಿಗೂ ಹಬ್ಬಕ್ಕೆ ಹೋದರೆ ಅಕ್ಕ "ಇದೆ ಕಣೇ" ಅಂತ ಅಣಕಿಸುತ್ತಾಳೆ.

ಕರ್ನಾಟಕದ ನೋಂದಣಿ ನಂಬರ್ "ಪಿಆರ್‌ಎಂ/ಕೆಎ/ರೇರಾ" ಅಂತ ಶುರುವಾಗುತ್ತದೆ. ಮಧ್ಯದಲ್ಲಿ ಎರಡು ಅಕ್ಷರ ನೋಡಿ. "ಪಿಆರ್" ಇದ್ದರೆ ಯೋಜನೆ, "ಎಜಿ" ಇದ್ದರೆ ಏಜೆಂಟ್. ಅದರ ಮುಂದಿನ ಆರು ಅಂಕಿ ದಿನಾಂಕ. ಬ್ರೋಕರ್ ತನ್ನ "ಎಜಿ" ನಂಬರ್ ತೋರಿಸಿ "ಲೇಔಟಿಗೆ ರೇರಾ ಆಗಿದೆ" ಅಂದರೆ ನಂಬಬೇಡಿ. ಎರಡು ನಂಬರನ್ನೂ ಕೇಳಿ, ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅವಧಿ ಮುಗಿದಿದೆಯಾ ಅನ್ನುವುದನ್ನೂ ನೋಡಿ.

ಗೋಡೆಗೆ ಟ್ರೇಡ್ ಲೈಸೆನ್ಸ್ ಹಾಕಿದ್ದೇನಲ್ಲ, ಸಾಲದಾ?

ಸಾಲದು. ಅದು ಅಂಗಡಿ ನಡೆಸಲು ಪಾಲಿಕೆಯ ಒಪ್ಪಿಗೆ. ಜಿಎಸ್‌ಟಿ ನಂಬರೂ ರೇರಾ ಅಲ್ಲ. ಅಂದಹಾಗೆ, ವರ್ಷದ ವಹಿವಾಟು 20 ಲಕ್ಷ ದಾಟಿದರೆ ಕಮಿಷನ್ ಮೇಲೆ ಜಿಎಸ್‌ಟಿಯೂ ಬರುತ್ತದೆ.

ಇಲ್ಲಿ ಮಾಡಿಸಿದ ನೋಂದಣಿ ಹೊಸೂರಿನಲ್ಲಿ ನಡೆಯುತ್ತಾ?

ಇಲ್ಲ. ಹೊಸೂರು ತಮಿಳುನಾಡು. ಅಲ್ಲಿನ ಲೇಔಟಿಗೆ ಅಲ್ಲಿನ ಪ್ರಾಧಿಕಾರದ ನೋಂದಣಿ ಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಫೀಸಿಟ್ಟು ಹೊಸೂರಿನ ಸೈಟು ಮಾರುವವರು ಇದನ್ನು ಮರೆಯುತ್ತಾರೆ. ಮಹಾರಾಷ್ಟ್ರದಲ್ಲಂತೂ 2023ರಿಂದ ಏಜೆಂಟರಿಗೆ ತರಬೇತಿ, ಪರೀಕ್ಷೆ ಎರಡೂ ಇವೆ. ನನ್ನ ಪ್ರಕಾರ ಅದು ಒಳ್ಳೆಯ ಪದ್ಧತಿ, ನಮ್ಮಲ್ಲೂ ಬರಬೇಕು.

ನನ್ನ ತಂಗಿಗೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇದೆ. ಇಲ್ಲಿ ಉಪಯೋಗಕ್ಕೆ ಬರುತ್ತಾ?

ಬರುವುದಿಲ್ಲ. ಅಲ್ಲಿನ ವ್ಯವಸ್ಥೆಯೇ ಬೇರೆ. ಸೇಲ್ಸ್‌ಪರ್ಸನ್ ಒಂದು ಮೆಟ್ಟಿಲು: ಮೂರು ಕೋರ್ಸು, ಪರೀಕ್ಷೆ, ಆಮೇಲೂ ಒಬ್ಬ ಬ್ರೋಕರ್‌ನ ಕೈಕೆಳಗೇ ಕೆಲಸ. ಬ್ರೋಕರ್ ಮೇಲಿನ ಮೆಟ್ಟಿಲು: ಎಂಟು ಕೋರ್ಸು, ಸಾಮಾನ್ಯವಾಗಿ ಎರಡು ವರ್ಷದ ಅನುಭವ. ನಮ್ಮಲ್ಲಿ ಮೆಟ್ಟಿಲೇ ಇಲ್ಲ, 25,000 ಕಟ್ಟಿದ ಮೊದಲ ದಿನದವನೂ ಮೂವತ್ತು ವರ್ಷದವನೂ ಒಂದೇ. ತಂಗಿ ಇಲ್ಲಿನ ಫ್ಲ್ಯಾಟುಗಳನ್ನು ಅಲ್ಲಿನ ಕನ್ನಡಿಗರಿಗೆ ಬಿಲ್ಡರ್ ಪರವಾಗಿ ಮಾರಿಸುವುದಾದರೆ ಕೆ-ರೇರಾ ನೋಂದಣಿಯನ್ನೇ ನೋಡಬೇಕು.

ನೋಂದಣಿ ಆದಮೇಲೆ ಏನು ಮಾಡಬೇಕು?

ಆಫೀಸಿನಲ್ಲಿ ನಂಬರ್ ಕಾಣುವಂತೆ ಹಾಕಿ. ಜಾಹೀರಾತು, ರಸೀದಿ, ಕಾಗದ ಎಲ್ಲದರಲ್ಲೂ ನಂಬರ್ ಇರಲಿ. ಲೆಕ್ಕಪುಸ್ತಕ ಇಡಿ. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಮಾಹಿತಿ, ದಾಖಲೆ ಕೈಗೆ ಸಿಗುವಂತೆ ನೋಡಿಕೊಳ್ಳಿ. ಇಲ್ಲದ ಅನುಮತಿ ಇದೆ ಅನ್ನಬೇಡಿ. "ಮುಂದಿನ ವರ್ಷ ಮೆಟ್ರೋ ಬರುತ್ತೆ" ಅಂತ ಹೇಳುವ ಚಟ ಇರುವವರು ನಾಲಿಗೆ ಸ್ವಲ್ಪ ಬಿಗಿ ಹಿಡಿಯಬೇಕು. ಸುಳ್ಳು ಹೇಳಿ, ಮೋಸ ಮಾಡಿ ಪಡೆದ ನೋಂದಣಿಯನ್ನೂ ಷರತ್ತು ಮುರಿದವರ ನೋಂದಣಿಯನ್ನೂ ಪ್ರಾಧಿಕಾರ ರದ್ದು ಮಾಡಬಹುದು.

ಮಾಡಿಸದೆ ಸಿಕ್ಕಿಬಿದ್ದರೆ?

ದಿನಕ್ಕೆ 10,000 ರೂಪಾಯಿ. ನೀವು ಮಾರಿಸಿದ ಸೈಟು ಅಥವಾ ಫ್ಲ್ಯಾಟಿನ ಬೆಲೆಯ ಶೇ 5ರವರೆಗೆ ಏರಬಹುದು. 40 ಲಕ್ಷದ ಸೈಟಾದರೆ 2 ಲಕ್ಷ, ಇಪ್ಪತ್ತೇ ದಿನದಲ್ಲಿ ಮುಟ್ಟುತ್ತದೆ. ನೋಂದಣಿಯ 25,000 ಅಂದರೆ ಎರಡೂವರೆ ದಿನದ ದಂಡ. ಈ ಲೆಕ್ಕ ಹೇಳಿದ ಮೇಲೆ ಜಾಸ್ತಿ ಜನ ಪರ್ಸ್ ತೆಗೆಯುತ್ತಾರೆ.

ಕಮಿಷನ್ ಎಷ್ಟು ಅಂತ ರೇರಾ ಹೇಳುತ್ತಾ?

ಹೇಳುವುದಿಲ್ಲ. ಅದು ಮಾತಿನ ಮೇಲೆ. ಶುರುವಿನಲ್ಲೇ ಬರೆದಿಟ್ಟುಕೊಳ್ಳಿ, ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಜಗಳ ಆಡುವುದು ತಪ್ಪುತ್ತದೆ.

ನಾನು ಕೊಂಡುಬಿಟ್ಟಿದ್ದೇನೆ. ಬ್ರೋಕರ್‌ಗೆ ನೋಂದಣಿ ಇರಲಿಲ್ಲ ಅಂತ ಈಗ ಗೊತ್ತಾಯಿತು. ಕ್ರಯಪತ್ರ ಬಿದ್ದುಹೋಗುತ್ತಾ?

ಇಲ್ಲ. ದಂಡ ಬ್ರೋಕರ್‌ಗೆ, ನಿಮ್ಮ ಪತ್ರಕ್ಕಲ್ಲ. ಮಾರಿದವರಿಗೆ ಹಕ್ಕಿತ್ತೇ, ಋಣಭಾರ ಪತ್ರ ಸರಿಯಿದೆಯೇ, ಖಾತೆ ಸರಿಯಿದೆಯೇ, ನಿಮ್ಮ ಹಕ್ಕು ನಿಲ್ಲುವುದು ಇವುಗಳ ಮೇಲೆ. ಬ್ರೋಕರ್ ಸುಳ್ಳು ಹೇಳಿ ನಷ್ಟ ಮಾಡಿದ್ದರೆ 31ನೇ ಕಲಮಿನಡಿ ಬಿಲ್ಡರ್ ಮೇಲೆ ಹೇಗೋ ಹಾಗೆ ಏಜೆಂಟ್ ಮೇಲೂ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಅದೂ ಆನ್‌ಲೈನ್. ಅವನು ಕಳಿಸಿದ ವಾಟ್ಸ್ಯಾಪ್ ಮೆಸೇಜು, ಬ್ರೋಷರು, ದುಡ್ಡು ಕೊಟ್ಟ ರಸೀದಿ ಯಾವುದನ್ನೂ ಅಳಿಸಬೇಡಿ. ಫೋನ್ ಬದಲಾಯಿಸುವ ಮೊದಲು ಅದನ್ನೆಲ್ಲ ಪ್ರಿಂಟ್ ತೆಗೆಸಿ ಒಂದು ಫೈಲಿಗೆ ಹಾಕಿಡಿ.